ಬದಿಯಿಂದ ಯಾರೂ ಬಾರದ ರಸ್ತೆ

ಬೈಂದೂರು ಕಡೆಯ ಮೊದಲ ಬಸ್ಸು ನಾವುಂದದ ಹೆದ್ದಾರಿಯಲ್ಲಿ ಹಾರ್ನ್ ಹೊಡೆದು ಹೋಗುವ ಹೊತ್ತಿಗೆ ಭೋಜರಾಜ ಹಟ್ಟಿಯೊಳಗೆ ಸೇರಿ ಚಿಲಕ ಹಾಕಿಕೊಂಡಾಗಿರುತ್ತದೆ. ಹಟ್ಟಿಯಲ್ಲಿ ಈಗ ದನಗಳಿಲ್ಲ. ಗೋದಲಿಯ ಮೇಲೆ ಹಲಗೆ ಹಾಸಿ ಮೇಜು ಮಾಡಿಕೊಂಡಿದ್ದಾರೆ. ಅದರ ಮೇಲೊಂದು ಹಳೆಯ ಕಂಪ್ಯೂಟರ್ ಪರದೆ, ಪರದೆಯ ಮುಂದೆ ಮರದ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದ ಸ್ಟೇರಿಂಗು, ಕಾಲ ಬುಡದಲ್ಲಿ ಎರಡು ಪೆಡಲ್. ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತವರು ಮೊದಲು ಮಾಡುವ ಕೆಲಸ ಕಂಪ್ಯೂಟರಿನ ಸದ್ದು ಅಡಗಿಸುವುದು.

ಪರದೆಯ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಕೆಂಪು ಕಾರೊಂದು ಸದ್ದಿಲ್ಲದೆ ಹೊರಡುತ್ತದೆ. ಭೋಜರಾಜರ ಬಲಗಾಲು ಪೆಡಲನ್ನು ನಿಧಾನವಾಗಿ ಒತ್ತುತ್ತದೆ, ಎಡಗೈ ಸ್ಟೇರಿಂಗಿನ ಮೇಲೆ, ಬಲಗೈ ಗೇರಿನ ಕಡ್ಡಿಯ ಮೇಲೆ. ಒಂದು ತಿರುವು, ಇನ್ನೊಂದು ತಿರುವು. ಕೈ ಬಿಟ್ಟರೆ ಸ್ಟೇರಿಂಗಿನ ಚಕ್ರ ನಡುವಿಗೆ ಬಂದು ನಿಲ್ಲುತ್ತದೋ ಇಲ್ಲವೋ, ಬ್ರೇಕಿನ ರಬ್ಬರು ಮೆದುವಾಯಿತೋ ಗಟ್ಟಿಯಾಯಿತೋ ಎಂದು ನೋಡುವುದು ಅವರ ಕೆಲಸ. ನೋಡಿಯಾದ ಮೇಲೂ ಅವರು ಏಳುವುದಿಲ್ಲ. ಐವತ್ತೇಳು ದಾಟಿದ ಗಂಡಸಿನ ಮುಖದಲ್ಲಿ ನಗುವೊಂದು ತಾನಾಗಿ ಮೂಡಿ ಕೂತುಬಿಟ್ಟಿರುತ್ತದೆ.

ಹೊರಗಿನಿಂದ ಹೆಂಡತಿ ಉಮಾವತಿ ಬಾಗಿಲು ತಟ್ಟುತ್ತಾರೆ. “ಹ್ವಾಯ್, ಚಾ ತಣ್ದ್ ಹೋತ್ತ್.”

ಭೋಜರಾಜ ಥಟ್ಟನೆ ಪರದೆ ಆರಿಸುತ್ತಾರೆ. ಚಿಲಕ ತೆಗೆಯುತ್ತಲೇ, ಯಾರೂ ಕೇಳದಿದ್ದರೂ ಹೇಳುತ್ತಾರೆ, “ಟೆಸ್ಟಿಂಗ್ ಮಾಡ್ತಿದ್ದೆ.”

ಚಹಾ ಕುಡಿಯುತ್ತ ಆ ಮಾತನ್ನು ಅವರೇ ಮತ್ತೆ ಎತ್ತಿಕೊಳ್ಳುತ್ತಾರೆ. “ಇದ್ ಕೆಲ್ಸವೇ. ಓಡ್ಸಿ ಕಾಣ್ದೆ ಕಳ್ಸೂಕೆ ಆತಿಲ್ಲೆ. ಆರೂ ಯಾರಾದ್ರೂ ಕಂಡ್ರೆ ಅಂದೇಳಿ ನಾಚ್ಕಿ. ಈ ಪ್ರಾಯದಗೆ ಮಕ್ಕಳ ಆಟ ಆಡ್ತಾ ಕೂತಿದ ಅಂಬ್ರಲೆ.”

ಒಂದು ಕಾಲದಲ್ಲಿ ದೊಡ್ಡ ಪಟ್ಟಣಗಳ ವಿಡಿಯೊ ಗೇಮ್ ಪಾರ್ಲರುಗಳಲ್ಲಿ ಆಳೆತ್ತರದ ಯಂತ್ರಗಳಿದ್ದವು. ನಾಣ್ಯ ಹಾಕಿ, ಸ್ಟೇರಿಂಗ್ ಹಿಡಿದು ಕಾರು ಓಡಿಸುವ ಆಟ. ಪಾರ್ಲರುಗಳು ಮುಚ್ಚಿದವು, ಯಂತ್ರಗಳು ಗುಜರಿಗೆ ಹೋದವು. ಆಟ ಮಾತ್ರ ಉಳಿದುಕೊಂಡಿದೆ. ಹಳೆಯ ಯಂತ್ರದಂತೆಯೇ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಮನೆಯ ಕಂಪ್ಯೂಟರಿನಲ್ಲೇ ಅದನ್ನು ಆಡಬಹುದು. ಆದರೆ ಕೀಬೋರ್ಡಿನ ಗುಂಡಿ ಒತ್ತಿ ಕಾರು ತಿರುಗಿಸಿದರೆ ಬಾಲ್ಯದಲ್ಲಿ ಆ ಯಂತ್ರದ ಮುಂದೆ ಕೂತವರಿಗೆ ಸಮಾಧಾನವಾಗುವುದಿಲ್ಲ. ಕೈಗೆ ಅದೇ ಚಕ್ರ, ಕಾಲಿಗೆ ಅದೇ ಪೆಡಲ್, ಅದೇ ‘ಟಕ್’ ಎನ್ನುವ ಗೇರು ಬೇಕು. ಅಂಥವರಿಗಾಗಿ ಭೋಜರಾಜ ಈ ಹಟ್ಟಿಯಲ್ಲಿ ಕೂತು ಅವನ್ನೆಲ್ಲ ಮಾಡುತ್ತಾರೆ. ಒಂದು ಜೋಡಣೆ ಮುಗಿಯಲು ಹದಿನೈದಿಪ್ಪತ್ತು ದಿನ ಬೇಕು. ಅವರು ಮಾಡಿದ ಚಕ್ರಗಳು ಬ್ರಹ್ಮಾವರದಲ್ಲಿವೆ, ಪುಣೆಯಲ್ಲಿವೆ, ಕೊಚ್ಚಿಯಲ್ಲಿವೆ. ನಾವುಂದದಲ್ಲಿ ಮಾತ್ರ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವರೇ ನೋಡಿಕೊಂಡಿದ್ದರು.

ಅದಕ್ಕೆ ಕಾರಣವಿದೆ. ಈ ಹೆದ್ದಾರಿಯಲ್ಲಿ ಭೋಜರಾಜ ಅಂದರೆ ಡ್ರೈವರ್ ಭೋಜರಾಜ. ಕುಂದಾಪುರ–ಬೈಂದೂರು ನಡುವೆ ಓಡುವ ಖಾಸಗಿ ಬಸ್ಸಿನ ಸೀಟಿನಲ್ಲಿ ಅವರ ಹರೆಯವೆಲ್ಲ ಕಳೆಯಿತು. ಅಣ್ಣತಮ್ಮಂದಿರು ಮುಂಬೈಯ ಹೋಟೆಲು ಸೇರಿದರು, ಇವರು ಸ್ಟೇರಿಂಗ್ ಹಿಡಿದರು. ಗದ್ದೆಯಿದ್ದ ಮನೆಯವನಿಗೆ ಇದೆಂಥ ಕೆಲಸ ಎಂದು ಮನೆಯಲ್ಲಿ ಗೊಣಗಿದವರಿದ್ದರು. ಆದರೆ ರಸ್ತೆಯಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಶಾಲೆಯ ಮಕ್ಕಳು ಓಡಿ ಬರುವುದನ್ನು ಕಂಡರೆ ಬಸ್ಸು ನಿಲ್ಲಿಸುವ ಡ್ರೈವರ್, ಮರವಂತೆಯಲ್ಲಿ ಕಡಲು ಉಕ್ಕಿ ರಸ್ತೆಗೆ ನೀರು ಹಾರುವ ದಿನ ಒಂದು ಹನಿಯೂ ಒಳಗೆ ಬೀಳದಂತೆ ದಾಟಿಸುವ ಡ್ರೈವರ್ ಎಂದು ಜನ ಹೇಳುತ್ತಿದ್ದರು. ಅವರದೇ ಬಸ್ಸು ಬರಲಿ ಎಂದು ಕಾದು ನಿಲ್ಲುವವರಿದ್ದರು.

ಆರು ವರ್ಷಗಳ ಹಿಂದೆ, ಮರವಂತೆ ದಾಟಿ ಸ್ಟಾಪಿಗೆಂದು ಬಸ್ಸನ್ನು ಎಡಕ್ಕೆ ತೆಗೆಯುವಾಗ ಏನೋ ತಾಗಿದ ಸದ್ದು ಕೇಳಿತು. ಕಂಡಕ್ಟರ್ ಪಾಂಡು ಕಿರುಚಿಕೊಂಡ. ಭೋಜರಾಜ ಬ್ರೇಕ್ ಹಾಕಿ ಇಳಿದು ನೋಡಿದರೆ ರಸ್ತೆಯ ಅಂಚಿನಲ್ಲಿ ಸ್ಕೂಟರು ಅಡ್ಡಬಿದ್ದಿದೆ, ಬಂಗುಡೆ ಮೀನು ಚೆಲ್ಲಾಡಿದೆ, ಗಂಗೊಳ್ಳಿಯ ಹರಿಣಾಕ್ಷಿ ಬಲಗೈಯನ್ನು ಎದೆಗೊತ್ತಿಕೊಂಡು ಕೂತಿದ್ದಾಳೆ. ದಿನವೂ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವವಳು. ಮಣಿಕಟ್ಟು ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆ, ಪೊಲೀಸು ಎಲ್ಲ ಮಾತಿನಲ್ಲೇ ಮುಗಿಯಿತು. ಇಷ್ಟು ವರ್ಷದಲ್ಲಿ ಒಂದು, ಯಾರಿಗೂ ಆಗುವುದೇ ಎಂದು ಜನ ಸಮಾಧಾನ ಹೇಳಿದರು.

ಭೋಜರಾಜರಿಗೆ ಸಮಾಧಾನವಾಗಲಿಲ್ಲ. ಸ್ಕೂಟರು ಬಸ್ಸಿನ ಎಡಬದಿಯಲ್ಲಿ ಅಷ್ಟು ದೂರದಿಂದ ಜೊತೆಗೇ ಬರುತ್ತಿತ್ತು ಎಂದು ಪಾಂಡು ಹೇಳಿದ್ದ. ತನಗೆ ಅದು ಕಂಡೇ ಇರಲಿಲ್ಲ. ಯಾರಿಗೂ ಹೇಳದೆ ಕುಂದಾಪುರದ ಕಣ್ಣಿನ ಡಾಕ್ಟರ ಬಳಿಗೆ ಹೋದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ ಎಂದರು ಡಾಕ್ಟರು. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಎರಡೂ ಬದಿಯ ನೋಟ ಹೋಗಿದೆ. ಹೋದದ್ದು ಬರುವುದಿಲ್ಲ, ಔಷಧಿ ಬಿಟ್ಟುಕೊಂಡರೆ ಉಳಿದದ್ದು ಉಳಿಯುತ್ತದೆ. ನೋವಿಲ್ಲದೆ, ಗೊತ್ತಾಗದಂತೆ ಬರುವ ಕಾಯಿಲೆ ಇದು, ಇನ್ನು ಬಸ್ಸು ಬಿಡಬೇಡಿ.

“ಯಾವಾಗಿಂದ ಹೀಂಗಾಯ್ತ್ ಅಂತ ಕೇಂಡೆ. ಹೇಳೂಕಾತಿಲ್ಲೆ, ಒಂದೆರ್ಡ್ ವರ್ಷ ಆಗಿಪ್ಪುಕೂ ಸಾಕ್ ಅಂದ್ರ್,” ಎನ್ನುತ್ತಾರೆ ಭೋಜರಾಜ.  ಆಮೇಲೆ ತಗ್ಗಿದ ದನಿಯಲ್ಲಿ, “ಆ ಎರ್ಡ್ ವರ್ಷ ಎಷ್ಟ್ ಮಕ್ಕಳ್ ನನ್ನ ಬಸ್ಸಿಂದ ಎಡಕ್ಕ್ ಇಳ್ದ್ ಹೋಯ್ರ್ ಎಣ್ಸಿ ಕಾಣಿ. ದೇವ್ರ್ ಕಾಪಾಡ್ದ ಅಂಬ್ರ್ ಎಲ್ಲ. ದೇವ್ರಿಗೆ ಲೈಸೆನ್ಸ್ ಇತ್ತಾ? ಇದ್ದದ್ದ್ ನಂಗೆ.”

ಅವರ ತಪ್ಪೇನೂ ಇರಲಿಲ್ಲ ಎಂದು ಯಾರು ಹೇಳಿದರೂ ಆ ಮಾತು ಒಳಗಿಳಿಯಲಿಲ್ಲ. ನಂಬಿ ಹತ್ತಿದವರನ್ನು ಅರೆಗಣ್ಣಿನಲ್ಲಿ ಸಾಗಿಸಿದೆನಲ್ಲ ಎಂಬ ನಾಚಿಕೆ ಮೈಗಂಟಿಕೊಂಡಿತು. ಬಸ್ಸು ಹತ್ತುವುದನ್ನೇ ಬಿಟ್ಟರು. ಪ್ರಯಾಣಿಕರ ಸೀಟಿನಲ್ಲಿ ಕೂತು ಹೋಗುವುದನ್ನು ಜನ ನೋಡಬಾರದು. ಪೇಟೆಗೆ ಹೋಗಬೇಕಾದರೆ ಯಾರದಾದರೂ ಬೈಕಿನ ಹಿಂದೆ ಕೂರುವರು. ಮದುವೆ, ಮುಂಜಿಗಳಿಗೆ ಉಮಾವತಿ ಒಬ್ಬರೇ. ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಸೇರಿ ಮನೆ ನಡೆಸಿದವರೂ ಅವರೇ. ಹೆಂಡತಿ ಬೆವರು ಸುರಿಸಿ ಬರುವಾಗ ಜಗಲಿಯಲ್ಲಿ ಕೂತಿರಲು ನಾಚಿ ಭೋಜರಾಜ ಹಟ್ಟಿಯೊಳಗೆ ಹೋಗಿ ಕೂರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ತಪ್ಪಿಸಿಕೊಂಡದ್ದು ಹರಿಣಾಕ್ಷಿಯಿಂದ. ಅವಳ ಸ್ಕೂಟರಿನ ಸದ್ದು ಗುರುತು ಸಿಗುತ್ತಿತ್ತು. ಕೇಳಿದ ಕೂಡಲೇ ಬೇಲಿ ದಾಟಿ ಆಚೆ ಬದಿಗೆ ನಡೆದುಬಿಡುತ್ತಿದ್ದರು.

ಹಟ್ಟಿಗೆ ಕೆಲಸ ತಂದವಳು ಸೌಮ್ಯಶ್ರೀ. ಬೈಂದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವಳು, ಕಾಲೇಜಿಗೆ ಹೋಗುವಾಗ ಇವರ ಬಸ್ಸಿನಲ್ಲೇ ಓಡಾಡಿದವಳು. ಬ್ರಹ್ಮಾವರದಲ್ಲಿ ಹೋಟೆಲು ನಡೆಸುವ ಜಿತೇಂದ್ರ ಎಂಬವರು ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಹಳೆಯ ಆಟಗಳನ್ನು ಕಂಪ್ಯೂಟರಿಗೆ ಹಾಕಿ ಇಡಬೇಕೆಂದಿದ್ದರು. ಮುಂಬೈಯ ಪಾರ್ಲರಿನಲ್ಲಿ ಆಡಿ ಬೆಳೆದ ಆಸೆ. ಮುಚ್ಚಿದ ಪಾರ್ಲರೊಂದರಿಂದ ಮುರಿದ ಸ್ಟೇರಿಂಗೊಂದನ್ನು ತರಿಸಿ, ಇದರಂಥದ್ದು ಮಾಡಿಕೊಡಿ ಎಂದು ಸೌಮ್ಯಶ್ರೀಯ ಕೈಗೆ ಕೊಟ್ಟರು. ವಯರು, ಬೋರ್ಡು ಅವಳಿಗೆ ನೀರು ಕುಡಿದಂತೆ. ಕಬ್ಬಿಣದ ಕೆಲಸ ಬರುತ್ತಿರಲಿಲ್ಲ. ಬಸ್ಸು ಕೆಟ್ಟರೆ ಮೆಕ್ಯಾನಿಕ್ಕಿಗೆ ಕಾಯದೆ ಅದರಡಿಗೆ ನುಗ್ಗುತ್ತಿದ್ದ ಡ್ರೈವರ್ ನೆನಪಾದರು.

“ಭೋಜಣ್ಣ, ಒಂದ್ ಸ್ಟೇರಿಂಗ್ ಮಾಡಿ ಕೊಡ್ತ್ರ್ಯಾ?” ಎಂದು ಅವಳು ಹಟ್ಟಿಯ ಬಾಗಿಲಲ್ಲಿ ನಿಂತಾಗ ಭೋಜರಾಜರಿಗೆ ಅದು ತಮಾಷೆಯೋ ಏನೋ ತಿಳಿಯಲಿಲ್ಲ. ಆಟದ್ದು ಎಂದು ಗೊತ್ತಾದಾಗ ಮುಖ ಕೆಂಪಾಯಿತು. ಆದರೂ ಒಲ್ಲೆ ಎನ್ನಲಿಲ್ಲ. ಅಷ್ಟು ದಿನಗಳಲ್ಲಿ ಕೆಲಸವೊಂದನ್ನು ಕೇಳಿಕೊಂಡು ಬಂದವರು ಅವಳೊಬ್ಬಳೇ.

ಮೊದಲ ಚಕ್ರ ಸೋತಿತು. ಭೋಜರಾಜ ತಮಗೆ ತಿಳಿದಂತೆ, ಬಸ್ಸಿನ ಸ್ಟೇರಿಂಗಿನಂತೆ ಮಾಡಿದ್ದರು. ಸುತ್ತಿ ಸುತ್ತಿ ತಿರುಗಿಸಬೇಕು, ಕೈಗೆ ಭಾರ ಬೇರೆ. ತಿರುಗಿಸಿದರೆ ತಾನೇ ಹಿಂದಕ್ಕೆ ತಳ್ಳಲೆಂದು ವೈಪರಿನ ಮೋಟಾರು ಕೂರಿಸಿದ್ದರು. ಅದರ ಗೇರು ಕೈಯನ್ನು ತಿರುಗಿಸಲೇ ಬಿಡುತ್ತಿರಲಿಲ್ಲ. ಬ್ರಹ್ಮಾವರದ ಆ ಕೋಣೆಯಲ್ಲಿ ಜಿತೇಂದ್ರರ ಗೆಳೆಯರು ಒಬ್ಬೊಬ್ಬರಾಗಿ ಕೂತು ಮೊದಲ ತಿರುವಿಗೇ ಗೋಡೆಗೆ ಗುದ್ದಿದರು. “ಇದ್ ಲಾರಿದಾ?” ಎಂದು ಒಬ್ಬರು ಕೇಳಿದರು. ಜಿತೇಂದ್ರ ನಗಲಿಲ್ಲ, ಬೇರೆಯವರು ನಕ್ಕರು. ಭೋಜರಾಜ ಅಲ್ಲೇ ಮೂಲೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದರು.

ಜೊತೆಗೆ ಬಂದಿದ್ದ ಸೌಮ್ಯಶ್ರೀ ವಾಪಸು ಬರುವಾಗ ಸಮಾಧಾನದ ಮಾತಾಡಲಿಲ್ಲ. ಮರುದಿನ ಬಂದು ಕೂತು ಕಲಿಸಿದಳು. ಆಟದ ಚಕ್ರಗಳಲ್ಲಿ ಎರಡು ಜಾತಿ. ಒಂದು, ಮುಕ್ಕಾಲು ಸುತ್ತಿಗೇ ನಿಲ್ಲುವಂಥದ್ದು. ಕೈ ಬಿಟ್ಟರೆ ನಡುವಿಗೆ ಮರಳಬೇಕು. ಇದಕ್ಕೆ ರೇಡಿಯೊದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗಣೆಯಂಥದ್ದೇ ಬಿಡಿಭಾಗ ಸಾಕು. ಚಕ್ರ ಎಷ್ಟು ತಿರುಗಿದೆ ಎಂದು ಕಂಪ್ಯೂಟರಿಗೆ ಅದು ಹೇಳುತ್ತದೆ. ಇನ್ನೊಂದು, ಇನ್ನೂ ಹಳೆಯದು. ತಡೆಯಿಲ್ಲದೆ ಎಷ್ಟು ಸುತ್ತು ಬೇಕಾದರೂ ತಿರುಗುತ್ತದೆ. ಅದರೊಳಗೆ ಸೀಳುಗಳಿರುವ ಬಿಲ್ಲೆಯೊಂದು ಬೆಳಕನ್ನು ಕತ್ತರಿಸುತ್ತ ಲೆಕ್ಕ ಕೊಡುತ್ತದೆ. ಅಂಥ ಬಿಲ್ಲೆ ಎಲ್ಲಿ ಸಿಗುತ್ತದೆ? ಹೊಟ್ಟೆಯಲ್ಲಿ ಗುಂಡು ಇದ್ದ ಹಳೆಯ ಕಾಲದ ಮೌಸಿನೊಳಗೆ ಎಂದಳು ಸೌಮ್ಯಶ್ರೀ. ಅವಳ ಅಂಗಡಿಯ ಅಟ್ಟದಲ್ಲಿ ಅಂಥವು ರಾಶಿ ಬಿದ್ದಿದ್ದವು.

“ಮಗಳ ಪ್ರಾಯದ ಹೆಣ್ಣ್ ನಂಗೆ ಸ್ಟೇರಿಂಗ್ ಪಾಠ ಮಾಡ್ತ್. ಒಂಚೂರ್ ಕಷ್ಟ ಆಯ್ತ್,” ಎಂದು ಭೋಜರಾಜ ಒಪ್ಪಿಕೊಳ್ಳುತ್ತಾರೆ. “ಆರೆ ಹೇಳಿದ್ದ್ ಸಮ ಇದ್ದಿತ್. ಬಸ್ಸಿಂದ್ ಮರೀಕ್ ಅಂತ್. ಬಸ್ಸಿಂದ್ ಮರುದ್ ಹ್ಯಾಂಗೆ?”

ಮರೆಯಲಾಗದಿದ್ದರೂ ಕಲಿತರು. ಸ್ಕೂಟರಿನ ಬೇರಿಂಗು, ಗುಜರಿಯ ಕಬ್ಬಿಣದ ಕೊಳವೆ, ಚಕ್ರವನ್ನು ನಡುವಿಗೆಳೆಯಲು ಬಿಗಿಯಾದ ರಬ್ಬರ್ ಪಟ್ಟಿ, ಬ್ರೇಕಿನಡಿಗೆ ಎಂಜಿನ್ ಕೂರಿಸುವ ರಬ್ಬರಿನ ತುಂಡು. ಚಕ್ರಕ್ಕೆ ಹೊದಿಸುವ ರೆಕ್ಸಿನನ್ನು ಉಮಾವತಿ ಹೊಲಿದು ಕೊಟ್ಟರು. ಮೇಲೆ ಕೆಳಗೆ ಎರಡೇ ಜಾಗವಿರುವ ಗೇರಿನ ಕಡ್ಡಿಗೆ ಸರಿಯಾದ ‘ಟಕ್’ ಬರುವ ತನಕ ಬಿಚ್ಚಿ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ಮೂರನೆಯ ಚಕ್ರವನ್ನು ಜಿತೇಂದ್ರ ಇಟ್ಟುಕೊಂಡರು, ಮತ್ತೂ ಕೇಳಿದರು. ಅದರ ಚಿತ್ರವನ್ನು ಸೌಮ್ಯಶ್ರೀ ಇಂಟರ್ನೆಟ್ಟಿನಲ್ಲಿ ಹಾಕಿದಳು. ಹೆಸರು ಹಾಕಬೇಡ ಎಂದು ಭೋಜರಾಜ ಮೊದಲೇ ಹೇಳಿಟ್ಟಿದ್ದರು.

ಚಕ್ರ ಸರಿಯಿದೆಯೋ ಎಂದು ನೋಡಲು ಓಡಿಸಲೇಬೇಕಿತ್ತು. ಮೊದಮೊದಲು ಸೌಮ್ಯಶ್ರೀಯೇ ಓಡಿಸಿ ನೋಡುತ್ತಿದ್ದಳು. ಅವಳಿಲ್ಲದ ಒಂದು ಬೆಳಿಗ್ಗೆ ಭೋಜರಾಜ ತಾವೇ ಕೂತರು. ಆರು ವರ್ಷದ ಹಿಂದಿನ ಆ ದಿನದ ನಂತರ ಸ್ಟೇರಿಂಗಿನ ಹಿಂದೆ ಕೂತದ್ದು ಅದೇ ಮೊದಲು.  ರಸ್ತೆ ಹೊರಟಿತು, ತಿರುವು ಬಂತು, ಕೈ ತಾನಾಗಿ ತಿರುಗಿತು. ಒಂದಷ್ಟು ದೂರ ಹೋದ ಮೇಲೆ ಅವರಿಗೊಂದು ವಿಷಯ ಹೊಳೆಯಿತು.

“ಆ ಆಟದಗೆ ಬದಿಯಿಂದ ಯಾರೂ ಬತ್ತಿಲ್ಲೆ,” ಎನ್ನುತ್ತಾರೆ ಅವರು. “ಎಂತ ಬಂದ್ರೂ ಎದ್ರಿಗೇ ಬಪ್ಪುದ್. ಓಣಿಯಿಂದ ಮಗು ಓಡಿ ಬತ್ತಿಲ್ಲೆ, ದನ ಅಡ್ಡ ಬತ್ತಿಲ್ಲೆ, ಸ್ಕೂಟರ್ ಬತ್ತಿಲ್ಲೆ. ನಂಗೆ ಕಾಂಬಷ್ಟೇ ರಸ್ತಿ ಇಪ್ಪುದ್ ಅಲ್ಲಿ. ಯಾರಿಗೂ ಎಂತ ಆತಿಲ್ಲೆ.”

ಅಂದು ಗಂಟೆಗಟ್ಟಲೆ ಓಡಿಸಿದರು. ಎದ್ದಾಗ ಬೆನ್ನು ಬೆವತು ಅಂಗಿ ಅಂಟಿಕೊಂಡಿತ್ತು, ಕಣ್ಣು ಒದ್ದೆಯಾಗಿತ್ತು. ಆ ಸಂತೋಷದ ಬೆನ್ನಿಗೇ ನಾಚಿಕೆ ಬಂತು. ಒಬ್ಬಳ ಕೈ ಮುರಿದು, ಹೆಂಡತಿಯನ್ನು ದುಡಿಮೆಗೆ ಹಚ್ಚಿ, ತಾನಿಲ್ಲಿ ಕಳ್ಳನಂತೆ ಕೂತು ಆಟದ ಕಾರು ಓಡಿಸಿ ಖುಷಿಪಡುತ್ತಿದ್ದೇನಲ್ಲ. ಬಾಗಿಲಿಗೆ ಚಿಲಕ ಬಿದ್ದದ್ದು ಆ ದಿನದಿಂದ.

ಚಕ್ರ ಮಾಡಿದರೆ ಆಗಲಿಲ್ಲ, ಕಳಿಸಬೇಕು. ಬ್ರಹ್ಮಾವರಕ್ಕೆ, ಅಥವಾ ದೂರದೂರಿಗೆ ಕೊರಿಯರ್ ಮಾಡಲು ಕುಂದಾಪುರಕ್ಕೆ, ಎರಡಕ್ಕೂ ಬಸ್ಸಿನಲ್ಲೇ ಪಾರ್ಸೆಲ್ ಹಾಕುವುದು ಇಲ್ಲಿನ ರೂಢಿ. ಸ್ಟೇರಿಂಗ್ ಬಿಟ್ಟ ಡ್ರೈವರ್ ಆಟದ ಸ್ಟೇರಿಂಗ್ ಹಿಡಿದು ಸ್ಟಾಪಿನಲ್ಲಿ ನಿಲ್ಲುವುದು ಹೇಗೆ? ಅಕ್ಕಿಯ ಚೀಲದಲ್ಲಿ ಸುತ್ತಿ, ಮೇಲೆ ಹುರಿ ಕಟ್ಟಿ, ತಮ್ಮೂರಿನ ಸ್ಟಾಪ್ ಬಿಟ್ಟು ಮುಂದಿನದಕ್ಕೆ ನಡೆಯುತ್ತಿದ್ದರು. ಪಾಂಡು ಇರುವ ಬಸ್ಸನ್ನು ಬಿಟ್ಟು ಹೊಸ ಹುಡುಗರ ಬಸ್ಸಿಗೆ ಕೊಡುತ್ತಿದ್ದರು. ಎಂತ ಇದರಲ್ಲಿ ಎಂದು ಕೇಳಿದರೆ, ಪಂಪಿನ ಸಾಮಾನು.

ಕಳೆದ ಮಳೆಗಾಲ ಮುಗಿದ ಹೊತ್ತಿನಲ್ಲಿ ಒಂದು ದಿನ, ಅವರು ಕಾಯುತ್ತಿದ್ದ ಬಸ್ಸು ಕೆಟ್ಟು ನಿಂತಿತ್ತು. ಅದರ ಜನವನ್ನೆಲ್ಲ ತುಂಬಿಕೊಂಡು ಹಿಂದಿನ ಬಸ್ಸು ಬಂತು. ಬಾಗಿಲಲ್ಲಿ ಪಾಂಡು. ಭೋಜರಾಜ ಹಿಂದೆ ಸರಿಯುವಷ್ಟರಲ್ಲಿ ಅವನು ಇಳಿದು ಬಂದ. ಇಷ್ಟು ದಿನದ ಮೇಲೆ ಕಂಡ ಸಂತೋಷ ಅವನಿಗೆ.

“ಎಂತ ಭೋಜಣ್ಣ, ನಮ್ಮ ನೆನ್ಪೇ ಇಲ್ಯಾ? ಕೊಡಿ ಇಲ್ಲಿ,” ಎಂದು ಚೀಲಕ್ಕೆ ಕೈ ಹಾಕಿದ.

“ಬ್ಯಾಡ, ನಾನೇ ಇಡ್ತೆ,” ಎಂದು ಭೋಜರಾಜ ಎಳೆದರು.

ಹುರಿ ಜಾರಿತು. ಚಕ್ರ ಚೀಲದಿಂದ ಹೊರಬಿದ್ದು ಟಾರಿನ ಮೇಲೆ ಉರುಳುತ್ತ ಹೋಗಿ ಸ್ಟಾಪಿನ ಕಟ್ಟೆಗೆ ತಾಗಿ ಬಿತ್ತು. ಕೆಂಪು ರೆಕ್ಸಿನಿನ, ಪುಟ್ಟ, ಹೊಳೆಯುವ ಸ್ಟೇರಿಂಗು. ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಯಾರೋ ಒಬ್ಬರು ಎಂದರು, “ಬಸ್ ಇಲ್ದಿರೂ ಸ್ಟೇರಿಂಗ್ ಬಿಡೂಕೆ ಮನ್ಸಿಲ್ಲೆ ಕಾಣಿ.” ನಗು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾದುಹೋಯಿತು. ಪಾಂಡುವೂ ನಕ್ಕ, ಮರುಗಳಿಗೆ ಬಾಯಿ ಮುಚ್ಚಿದ. ಭೋಜರಾಜ ಚಕ್ರ ಎತ್ತಿಕೊಳ್ಳಲು ಬಗ್ಗಿದಾಗ ಕಟ್ಟೆಯ ಪಕ್ಕ ಮೀನಿನ ಬುಟ್ಟಿ ಕಂಡಿತು. ತಲೆ ಎತ್ತಿದರೆ ಹರಿಣಾಕ್ಷಿ. ಅವಳು ನಗುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅದೇ ಅವರಿಗೆ ಹೆಚ್ಚು ಕಷ್ಟವಾದದ್ದು.

ಪಾರ್ಸೆಲ್ ಹಾಕದೆ ಮನೆಗೆ ಬಂದರು. ಹಟ್ಟಿಗೆ ಹೊರಗಿನಿಂದ ಬೀಗ ಬಿತ್ತು. ಸೌಮ್ಯಶ್ರೀ ಫೋನ್ ಮಾಡಿದರೆ ಎತ್ತಲಿಲ್ಲ, ಅವಳು ಬಂದರೆ ಜ್ವರ ಎಂದರು. ಕಣ್ಣಿನ ಔಷಧಿಯನ್ನೂ ಬಿಟ್ಟರು. ಉಮಾವತಿಗೆ ಹೆದರಿಕೆ ಹುಟ್ಟಿದ್ದು ಆಗಲೇ. “ಉಳ್ದ ಕಣ್ಣೂ ಹೋಯ್ಲಿ ಅಂತ ಕೂತಿದ್ರ್. ನಾನ್ ಬೈದೆ, ಮರ್ಕಿ ಕಣ್ಣೀರ್ ಹಾಕ್ದೆ. ಕೇಂಡಿಲ್ಲ,” ಎನ್ನುತ್ತಾರೆ ಅವರು. “ಮೂವತ್ ವರ್ಷ ಬಸ್ಸಿಂದ ಬಂದ್ ಊಟ ಮಾಡ್ವವ್ರಿಗೆ ಬಡ್ಸಿದೆ ನಾನ್. ಹೀಂಗ್ ಕಂಡದ್ದಿಲ್ಲೆ.”

ಬೀಗ ಬಿದ್ದು ತಿಂಗಳು ಕಳೆದಿರಬಹುದು. ಉಮಾವತಿ ಶಾಲೆಗೆ ಹೋಗಿದ್ದರು. ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದು ಕೇಳಿ ಭೋಜರಾಜ ಒಳಗೆ ಸರಿಯಲು ಎದ್ದರು.

“ಹ್ವಾಯ್ ಡ್ರೈವರ್ರೇ, ಒಳ್ಗ್ ಹೋಯ್ಬೇಡಿ. ಒಂದ್ ಮಾತ್ ಕೇಂಬುಕಿತ್ತ್.”

ಹರಿಣಾಕ್ಷಿ ಬುಟ್ಟಿಯನ್ನು ಗಾಡಿಯಲ್ಲೇ ಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಭೋಜರಾಜ ಕಂಬ ಹಿಡಿದು ನಿಂತೇ ಇದ್ದರು.

“ನಾನ್ ನಿಮ್ಗೆ ಎಂತ ಮಾಡಿದೆ?” ಎಂದು ಕೇಳಿದಳು.

“ನೀನ್ ಎಂತ ಮಾಡಿದ್ದೆ? ಎಂತದೂ ಇಲ್ಲೆ.”

“ಮತ್ತೆ ನನ್ನ ಗಾಡಿ ಸದ್ದ್ ಕೇಂಡ್ರೆ ಆಚಿ ಬದಿಗೆ ಹೋಪುದ್ ಎಂತಕ್ಕೆ? ಬಿದ್ದದ್ದ್ ನಾನ್. ಮೊಕ ತಿರ್ಗ್ಸೂದ್ ನೀವ್. ನನ್ನಿಂದ ಕೆಲ್ಸ ಹೋಯ್ತ್ ಅಂದೇಳಿ ಸಿಟ್ಟ್ ಅಂತ ಎಣ್ಸಿದ್ದೆ, ಇಷ್ಟ್ ವರ್ಷ. ಈ ದಾರಿಯಗೆ ಬಪ್ಪುಕೇ ಬೇಜಾರ್ ಆತಿತ್ತ್.”

 ತಮ್ಮ ನಾಚಿಕೆ ಎದುರಿನವಳಿಗೆ ಸಿಟ್ಟಾಗಿ ಕಂಡೀತೆಂದು ಭೋಜರಾಜ ಒಮ್ಮೆಯೂ ಯೋಚಿಸಿರಲಿಲ್ಲ. ಕಂಬಕ್ಕೆ ಒರಗಿ ಕೂತರು.

“ಸಿಟ್ಟಲ್ಲ ಹರಿಣಾಕ್ಷಿ. ಅವತ್ತ್ ಬ್ರೇಕ್ ಹಾಕೂಕೆ ತಡ ಆದದ್ದಲ್ಲ. ನಾನ್ ನಿನ್ನ ಕಂಡದ್ದೇ ಇಲ್ಲೆ. ಅದನ್ನ್ ಹೇಳೂಕೆ ಬಾಯಿ ಬಂದಿಲ್ಲೆ.”

“ನಿಮ್ಮ ಕಣ್ಣಿಂದ್ ನಂಗ್ ಗೊತ್ತಿತ್ತ್. ಪಾಂಡಣ್ಣ ಹೇಳಿದಿದ್ದ.” ಅವಳು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡಳು. ಅದು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. “ನೋವ್ ಆಯ್ತ್, ಹೌದ್. ಮಳಿಗಾಲದಗೆ ಈಗ್ಲೂ ಆತ್ತ್. ಇಲ್ಲೆ ಅಂಬುದಿಲ್ಲೆ ನಾನ್. ಆರೆ ನೀವ್ ಒಂದ್ಸಲ ಬಂದ್ ಹ್ಯಾಂಗಿತ್ ಕೈ ಅಂದಿರೆ ಸಾಕಿತ್ತ್.”

ಭೋಜರಾಜ ಆ ಮಣಿಕಟ್ಟಿನತ್ತ ನೋಡಿದರು. ಆಮೇಲೆ ಕೇಳಿದರು, “ಹ್ಯಾಂಗಿತ್ ಕೈ?”

“ಬುಟ್ಟಿ ಎತ್ತೂಕಾತ್ತ್,” ಎಂದಳು ಹರಿಣಾಕ್ಷಿ. ಎದ್ದು ಸೆರಗು ಕೊಡವಿದಳು. “ಅವತ್ತ್ ಉರುಳ್ತಲೆ, ಆ ಚಕ್ರ ಎಲ್ಲಿತ್ತ್? ತೋರ್ಸಿ.”

ಬೀಗ ತೆಗೆದರು. ಧೂಳು ಒರೆಸಿ ಚಕ್ರ ಬಿಗಿದು, ವಯರು ಸಿಕ್ಕಿಸಿ, ಪರದೆ ಹಚ್ಚಿದರು. ಹರಿಣಾಕ್ಷಿ ಕೂತು ಓಡಿಸಿದಳು. ಪ್ರತಿ ತಿರುವಿಗೂ ಗುದ್ದಿದಳು, ಗುದ್ದಿದಾಗಲೆಲ್ಲ ನಕ್ಕಳು. “ಇದ್ ಸ್ಕೂಟರಿಗಿಂತ ಕಷ್ಟ ಮಾರಾಯ್ರೆ. ನೀವ್ ಬಿಡಿ ಕಾಂಬ,” ಎಂದು ಎದ್ದಳು. ಭೋಜರಾಜ ಹಿಂಜರಿದರು. ಬೇರೆಯವರ ಮುಂದೆ ಅವರು ಒಮ್ಮೆಯೂ ಓಡಿಸಿದವರಲ್ಲ. ಕೊನೆಗೆ ಕೂತರು. ಮೊದಲ ತಿರುವಿನಲ್ಲಿ ಬಿಗಿಯಾಗಿದ್ದ ಭುಜ ಮೂರನೆಯದಕ್ಕೆ ಸಡಿಲವಾಯಿತು. ಅವಳು ಇದ್ದಾಳೆ ಎಂಬುದೇ ಮರೆಯಿತು.

“ನಾನ್ ಎಲ್ಲಿದ್ದೆ ಗೊತ್ತಾ?” ಎಂದು ಹರಿಣಾಕ್ಷಿಯ ದನಿ ಕೇಳಿತು.

ಗೊತ್ತಿರಲಿಲ್ಲ. ಪೆಡಲಿನಿಂದ ಕಾಲು ತೆಗೆದು, ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಹರಿಣಾಕ್ಷಿ ತೋಳಿನಳತೆಯಲ್ಲಿ ನಿಂತಿದ್ದಳು.

“ಇಷ್ಟ್ ಹತ್ರ ಇದ್ರೂ ಕಾಂತಿಲ್ಯಾ?”

“ಇಲ್ಲೆ.”

 ಅವಳು ಮೂಲೆಯ ಸ್ಟೂಲನ್ನು ಎತ್ತಿ ತಂದು ಪರದೆಯ ಪಕ್ಕಕ್ಕೇ ಇಟ್ಟು, ಅವರಿಗೆ ರಸ್ತೆಯೂ ತಾನೂ ಒಟ್ಟಿಗೆ ಕಾಣುವಂತೆ ಕೂತಳು. “ಹಾಂ, ಈಗ ಬಿಡಿ,” ಎಂದಳು.

ಇದಾಗಿ ಕೆಲವು ತಿಂಗಳಾಗಿವೆ. ಸೌಮ್ಯಶ್ರೀ ಹೊಸ ಆರ್ಡರುಗಳನ್ನು ತಂದಿದ್ದಾಳೆ, ಕಣ್ಣಿನ ಔಷಧಿ ಮತ್ತೆ ಶುರುವಾಗಿದೆ. ಪಾಂಡು ಮನೆಗೆ ಬಂದು, ನಕ್ಕದ್ದಕ್ಕೆ ಏನೋ ಹೇಳಲು ಹೋಗಿ ಹೇಳಲಾಗದೆ, ಇನ್ನು ಮುಂದೆ ಪಾರ್ಸೆಲ್ ತಾನೇ ಒಯ್ಯುತ್ತೇನೆಂದು ಹೊರಟ. ಈಗ ಚಕ್ರಗಳನ್ನು ಬಾನೆಟ್ಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಹೋಗುತ್ತಾನೆ. ಕೇಳಿದವರಿಗೆ, ಕೇಳದವರಿಗೂ, ಇದು ನಮ್ಮ ಭೋಜಣ್ಣ ಮಾಡಿದ್ದು ಎನ್ನುತ್ತಾನೆ. ಹೇಳಬೇಡ ಎಂದರೂ ಕೇಳುವುದಿಲ್ಲ. ಹರಿಣಾಕ್ಷಿ ವಾರಕ್ಕೊಮ್ಮೆ ಮೀನು ಕೊಟ್ಟು, ಒಂದೆರಡು ಸಲ ಆಟದ ಕಾರು ಗುದ್ದಿ ಹೋಗುತ್ತಾಳೆ.

ಹಾಗೆಂದು ನಾಚಿಕೆ ಹೋಗಿಬಿಟ್ಟಿಲ್ಲ. ಭೋಜರಾಜ ಈಗಲೂ 'ಟೆಸ್ಟಿಂಗ್' ಎಂದೇ ಹೇಳುವುದು, ಸದ್ದು ಅಡಗಿಸಿಯೇ ಓಡಿಸುವುದು. “ಹೋಪುದ್ ಹ್ಯಾಂಗೆ? ಆ ಮಕ್ಕಳದ್ದೆಲ್ಲ ನೆನ್ಪ್ ಆತ್ತ್. ಇಳ್ದ್ ಹೋದವ್ರ್,” ಎನ್ನುತ್ತ ಅಂಗಳದಾಚೆ ನೋಡುತ್ತಾರೆ. “ಅದ್ ಇರ್ಲಿ. ಇರ್ಕ್ ಅದ್.”

ಅವರು ಮಾಡಿದ ಚಕ್ರದಲ್ಲಿ ಗುರುತಿಲ್ಲದವರು ಓಡಿಸುವುದನ್ನು, ಆ ಮೊದಲ ಸೋಲಿನ ದಿನದ ಬಳಿಕ, ಅವರು ನೋಡಿಲ್ಲ. ಬ್ರಹ್ಮಾವರದ ಜಿತೇಂದ್ರ ಎಷ್ಟೋ ಸಲ ಕರೆದಿದ್ದಾರೆ. ಆದಿತ್ಯವಾರ ಸಾಲು ನಿಲ್ಲುತ್ತಾರಂತೆ ಜನ. ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ ಭೋಜರಾಜ ಕೈಯಲ್ಲಿದ್ದ ಬೇರಿಂಗಿಗೆ ಗ್ರೀಸ್ ತುಂಬುವುದನ್ನು ನಿಲ್ಲಿಸಲಿಲ್ಲ.

“ಒಂದ್ಸಲ ಹೋಯ್ಕ್ ಅಂತಿತ್ತ್. ನಾನ್ ಯಾರ್ ಅಂತ ಯಾರಿಗೂ ಹೇಳೂಕಾಗ. ಅವ್ರ ಹಿಂದ್ ನಿಂತ್ಕಂಡ್ ಆಟ ಕಾಂಬುದ್ ಬ್ಯಾಡ ನಂಗೆ. ಎದ್ರಿಗ್ ನಿಂತ್ಕಂಡ್ ಓಡ್ಸುವವ್ರ ಮೊಕ ಕಾಣ್ಕ್. ಬಸ್ ಬಿಡುವತಿಗೆ ಜನ ಎಲ್ಲ ಬೆನ್ನ್ ಹಿಂದ್ ಕೂತಿದ್ದಿದ್ರ್. ಅವ್ರಿಗೆ ಖುಷಿ ಆತಿತ್ತಾ ಇಲ್ಯಾ ಅಂತ ನಾನ್ ಕಂಡದ್ದೇ ಇಲ್ಲೆ.”